ಶಿಕ್ಷೆಯ ನಂತರದ ಮೇಲ್ಮನವಿ: ಸರ್ಕಾರಿ ಅಭಿಯೋಜಕರ ಕರ್ತವ್ಯ ಮತ್ತು ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದ ಉಪನ್ಯಾಸದ ಪಠ್ಯ)



ಹೆಂಡತಿಯನ್ನು ಹಿಂಸಿಸಿದ ಅಪರಾಧಕ್ಕಾಗಿ ಗ್ರಾಮದ ವ್ಯಕ್ತಿಯೊಬ್ಬನಿಗೆ ಶಿಕ್ಷೆಯಾದಾಗ, ತೀರ್ಪಿನ ಪ್ರತಿ ಕೈಸೇರುವ ಮೊದಲೇ ಅದರ ಸುದ್ದಿ ಊರಿನ ಅರಳಿಕಟ್ಟೆಯನ್ನು ತಲುಪಿರುತ್ತದೆ. ಅಂದು ಸಂಜೆಯೇ ವಾರ್ಡಿನ ಸದಸ್ಯರ ಮನೆಬಾಗಿಲಿಗೆ ಎರಡೂ ಕಡೆಯವರು ಬರುವುದುಂಟು. ಗಂಡನ ಕಡೆಯವರ ಮಾತು ಹೀಗಿರುತ್ತದೆ: "ಸರ್ಕಾರಿ ವಕೀಲರು ಮೋಸ ಮಾಡಿದರು, ಮೇಲಿನ ಕೋರ್ಟಿಗೆ ಹೋಗುತ್ತೇವೆ, ಹುಡುಗ ಒಳ್ಳೆಯವನೆಂದು ಪಂಚಾಯಿತಿಯಿಂದ ಒಂದು ಪತ್ರ ಕೊಡಿ." ಹೆಣ್ಣಿನ ಕಡೆಯವರ ಆತಂಕ ಬೇರೆ: "ಇಷ್ಟು ವರ್ಷ ಅಲೆದು ಗೆದ್ದದ್ದು ನೀರಿನಲ್ಲಿ ಹೋಮವಾಯಿತೇ?"

ಈ ಎರಡು ಮಾತುಗಳಿಗೂ ಸದಸ್ಯರು ಉತ್ತರ ಕೊಡಬೇಕಾಗುತ್ತದೆ. ತಿಳಿಯದೆ ಕೊಟ್ಟ ಉತ್ತರದಿಂದ ಒಬ್ಬ ಹೆಣ್ಣುಮಗಳ ಸುರಕ್ಷತೆಗೆ ಧಕ್ಕೆ ಬರಬಹುದು. ಅನ್ಯಾಯವಾಗಿ ಶಿಕ್ಷೆಗೊಳಗಾದವನೊಬ್ಬನ ಹಕ್ಕಿಗೂ ಧಕ್ಕೆ ಬರಬಹುದು. ಆದ್ದರಿಂದ ಮೇಲ್ಮನವಿ ಎಂದರೇನು, ಅಭಿಯೋಜಕರ ತಪ್ಪು ಎಂದರೇನು, ಅಂತಹ ತಪ್ಪು ಸಾಬೀತಾದರೆ ಆಗುವುದೇನು, ಈ ಅವಧಿಯಲ್ಲಿ ಪಂಚಾಯಿತಿ ಮಾಡಬೇಕಾದುದೇನು ಎಂಬ ನಾಲ್ಕು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಕಾಯಿದೆ, ಯಾವ ನ್ಯಾಯಾಲಯ

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಅಡಿಯಲ್ಲಿ ದಂಡಾಧಿಕಾರಿಗಳು ನೀಡುವ ಸಂರಕ್ಷಣಾ ಆದೇಶ, ವಾಸದ ಆದೇಶ ಹಾಗೂ ಜೀವನಾಂಶದ ಆದೇಶಗಳು ಶಿಕ್ಷೆಯಲ್ಲ, ಅವು ಪರಿಹಾರಗಳು. ಆದರೆ ಸಂರಕ್ಷಣಾ ಆದೇಶವನ್ನು ಉಲ್ಲಂಘಿಸಿದರೆ ಆ ಅಧಿನಿಯಮದ 31ನೇ ಪ್ರಕರಣದಂತೆ ಅದು ಅಪರಾಧವಾಗುತ್ತದೆ. ಒಂದು ವರ್ಷದವರೆಗಿನ ಸೆರೆವಾಸ ಅಥವಾ 20,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಗಂಡ ಅಥವಾ ಆತನ ಬಂಧುಗಳು ಎಸಗುವ ಕ್ರೌರ್ಯವು 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿಸಲಾದ 498ಎ ಪ್ರಕರಣದಂತೆ ಶಿಕ್ಷಾರ್ಹವಾಗಿತ್ತು. 2024ರ ಜುಲೈ 1ರಿಂದ ಈಚೆಗೆ ನಡೆದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಪ್ರಕರಣಗಳು ಅನ್ವಯಿಸುತ್ತವೆ. ಶಿಕ್ಷೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ. ಈ ಪ್ರಕರಣಗಳನ್ನು ದಂಡಾಧಿಕಾರಿಗಳ ನ್ಯಾಯಾಲಯದಲ್ಲಿ ಸರ್ಕಾರದ ಪರವಾಗಿ ನಡೆಸುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಜನರ ಬಾಯಲ್ಲಿ ಎ.ಪಿ.ಪಿ. ಸಾಹೇಬರು.

ದಂಡಾಧಿಕಾರಿಗಳು ವಿಧಿಸಿದ ಶಿಕ್ಷೆಯ ವಿರುದ್ಧ ಸತ್ರ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ವರದಕ್ಷಿಣೆ ಸಾವಿನಂತಹ ಪ್ರಕರಣದಲ್ಲಿ ಸತ್ರ ನ್ಯಾಯಾಲಯವೇ ಶಿಕ್ಷೆ ವಿಧಿಸಿದ್ದರೆ ಉಚ್ಚ ನ್ಯಾಯಾಲಯಕ್ಕೆ 60 ದಿನಗಳ ಅವಧಿ ಇರುತ್ತದೆ. ತಕ್ಕ ಕಾರಣವಿದ್ದರೆ ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದು. ಸೆರೆವಾಸದ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಶಿಕ್ಷೆ ಮೂರು ವರ್ಷಗಳನ್ನು ಮೀರದಿದ್ದು ಆತ ಜಾಮೀನಿನ ಮೇಲಿದ್ದಲ್ಲಿ, ಮೇಲ್ಮನವಿ ಸಲ್ಲಿಸಲು ಕಾಲಾವಕಾಶ ಸಿಗುವಂತೆ ಶಿಕ್ಷೆ ವಿಧಿಸಿದ ನ್ಯಾಯಾಲಯವೇ ಆತನನ್ನು ಜಾಮೀನಿನ ಮೇಲೆ ಬಿಡಬಹುದು. ಆದ್ದರಿಂದ ಶಿಕ್ಷೆಯಾದ ದಿನವೇ ಆತ ಊರಿಗೆ ಮರಳಿದರೆ "ಬಿಡುಗಡೆಯಾಯಿತು" ಎಂದು ತಿಳಿಯಬಾರದು. ತೀರ್ಪು ಇನ್ನೂ ಜೀವಂತವಾಗಿರುತ್ತದೆ. ಅಮಾನತ್ತಿನಲ್ಲಿರುವುದು ಶಿಕ್ಷೆಯ ಜಾರಿ ಮಾತ್ರ.

ಅಭಿಯೋಜಕರು ಯಾರ ವಕೀಲರು?

ಸರ್ಕಾರಿ ಅಭಿಯೋಜಕರು ದೂರುದಾರಳ ಖಾಸಗಿ ವಕೀಲರಲ್ಲ, ಪೊಲೀಸರ ವಕೀಲರೂ ಅಲ್ಲ. ಅವರು ರಾಜ್ಯದ ಪರವಾಗಿ ನ್ಯಾಯಾಲಯದ ಮುಂದೆ ನಿಲ್ಲುವ ಅಧಿಕಾರಿ. 1999ರಲ್ಲಿ ಶಿವಕುಮಾರ್ ಎದುರು ಹುಕುಂ ಚಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ವವನ್ನು ಸ್ಪಷ್ಟಪಡಿಸಿತು: ಹೇಗಾದರೂ ಸರಿ, ಶಿಕ್ಷೆ ಕೊಡಿಸಿಯೇ ತೀರಬೇಕೆಂಬ ಹಟ ಅಭಿಯೋಜಕರಿಗೆ ಸಲ್ಲದು, ಆರೋಪಿಗೆ ಅನುಕೂಲವಾದ ಅಂಶವೊಂದು ಕಡತದಲ್ಲಿದ್ದರೆ ಅದನ್ನು ಬಚ್ಚಿಡದೆ ನ್ಯಾಯಾಲಯದ ಗಮನಕ್ಕೆ ತರುವುದು ಅವರ ಕರ್ತವ್ಯ. ಸತ್ರ ನ್ಯಾಯಾಲಯದ ವಿಚಾರಣೆಯಲ್ಲಿ ದೂರುದಾರರ ಖಾಸಗಿ ವಕೀಲರು ಅಭಿಯೋಜಕರ ಸ್ಥಾನವನ್ನೇ ತೆಗೆದುಕೊಳ್ಳುವಂತಿಲ್ಲ, ಅವರ ನಿರ್ದೇಶನದಂತೆ ನೆರವಾಗಬಹುದು ಎಂಬುದು ಅದೇ ತೀರ್ಪಿನ ಸಾರ.

2010ರ ಮನು ಶರ್ಮಾ ಪ್ರಕರಣದಲ್ಲಿ, ಅಭಿಯೋಜನೆಯ ಕಡೆಯವರು ದಾಖಲೆ ಬಚ್ಚಿಟ್ಟರೆಂಬ ವಾದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ದಾಖಲೆಗಳನ್ನು ಬಹಿರಂಗಪಡಿಸುವ ಕರ್ತವ್ಯ ಅಭಿಯೋಜಕರಿಗೆ ಇದೆಯೆಂದು ನ್ಯಾಯಾಲಯ ಒಪ್ಪಿತು. ಆದರೆ ಆ ಪ್ರಕರಣದಲ್ಲಿ ಆರೋಪಿಗೆ ಬಾಧಕವಾಗಿಲ್ಲವೆಂದು ಕಂಡು ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ರಿಮಿನಲ್ ವಿಚಾರಣೆಗಳಲ್ಲಿನ ಕೊರತೆಗಳನ್ನು ಕುರಿತು 2021ರ ಏಪ್ರಿಲ್‌ನಲ್ಲಿ ನೀಡಿದ ಆದೇಶದಲ್ಲಿ, ತನಿಖೆಯಲ್ಲಿ ಸಂಗ್ರಹಿಸಿಯೂ ಅಭಿಯೋಜನೆಯು ಅವಲಂಬಿಸದ ಹೇಳಿಕೆ, ದಾಖಲೆ ಹಾಗೂ ವಸ್ತುಗಳ ಪಟ್ಟಿಯನ್ನು ಆರೋಪಿಗೆ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿದೆ.

ಯಾವುದು ತಪ್ಪು, ಯಾವುದು ತಪ್ಪಲ್ಲ

ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಎತ್ತುವ ಆಕ್ಷೇಪಗಳು ಇವು: ಆರೋಪಿಗೆ ಅನುಕೂಲವಾದ ದಾಖಲೆಯನ್ನು ಹಾಜರುಪಡಿಸದೆ ಉಳಿಸಿಕೊಂಡರು, ಸಾಕ್ಷಿಗೆ ಉತ್ತರವನ್ನು ಬಾಯಿಪಾಠ ಮಾಡಿಸಿದರು, ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನೇ ಪ್ರಶ್ನೆಯಲ್ಲಿ ಸೇರಿಸಿ ಕೇಳಿದರು, ಸಾಕ್ಷ್ಯದಲ್ಲಿಲ್ಲದ ಸಂಗತಿಯನ್ನು ವಾದದಲ್ಲಿ ಹೇಳಿದರು, ಆರೋಪಿಯ ವಿರುದ್ಧದ ಅಂಶಗಳನ್ನು ಆತನ ಮುಂದಿಟ್ಟು ವಿವರಣೆ ಕೇಳುವ ಹಂತದಲ್ಲಿ ಮುಖ್ಯವಾದುದನ್ನು ಬಿಟ್ಟರು. ಈ ಕೊನೆಯ ಹಂತದಲ್ಲಿ ಪ್ರಶ್ನೆ ಕೇಳುವುದು ನ್ಯಾಯಾಧೀಶರ ಕೆಲಸವಾದರೂ, ಲೋಪವಾಗದಂತೆ ಅವರಿಗೆ ನೆರವಾಗುವುದು ಅಭಿಯೋಜಕರ ಕರ್ತವ್ಯವೆಂದು 2024ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಇನ್ನು, ತಪ್ಪಲ್ಲದ ಸಂಗತಿಗಳೂ ಇವೆ. ಪಾಟಿ ಸವಾಲು ಕಟುವಾಗಿತ್ತು, ಜಾಮೀನಿಗೆ ತಕರಾರು ಮಾಡಿದರು, ಒಂದೇ ಮಾತನ್ನು ಹೇಳುವ ಹತ್ತು ಸಾಕ್ಷಿಗಳಲ್ಲಿ ಮೂವರನ್ನಷ್ಟೇ ವಿಚಾರಿಸಿದರು ಎಂಬುವು ಅಭಿಯೋಜಕರ ದುರ್ನಡತೆಯಾಗುವುದಿಲ್ಲ. ಶಿಕ್ಷೆಯಾಯಿತು ಎಂಬ ಒಂದೇ ಕಾರಣಕ್ಕೆ "ಮೋಸ ಮಾಡಿದರು" ಎಂದು ಹೇಳುವುದಂತೂ ಆಧಾರವಿಲ್ಲದ ಆರೋಪ.

ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗಬಹುದು. ದೆಹಲಿಯಲ್ಲಿ 1995ರಲ್ಲಿ ಮನೆಯೊಳಗೆ ಹೆಂಡತಿಯ ಕೊಲೆಯಾದ ಪ್ರಕರಣದಲ್ಲಿ ಐದು ವರ್ಷದ ಮಗಳೇ ಸಾಕ್ಷಿಯಾಗಿದ್ದಳು; ಆಕೆ ನ್ಯಾಯಾಲಯದಲ್ಲಿ ಪ್ರತಿಕೂಲವಾಗಿ ನುಡಿದಳು. ಅಭಿಯೋಜಕರು ಆಕೆಯನ್ನು ಸರಿಯಾಗಿ ಪಾಟಿ ಸವಾಲಿಗೆ ಒಳಪಡಿಸದೆ ಕೆಲವೇ ಸೂಚನೆಗಳನ್ನು ಮುಂದಿಟ್ಟು ಮುಗಿಸಿದ್ದರು. 2024ರ ಮೇ ತಿಂಗಳಲ್ಲಿ ಗಂಡನ ಮೇಲ್ಮನವಿಯನ್ನು ವಜಾಗೊಳಿಸಿದ ಸರ್ವೋಚ್ಚ ನ್ಯಾಯಾಲಯವು, ಅಭಿಯೋಜಕರ ಈ ನಿರಾಸಕ್ತಿಯನ್ನು ಟೀಕಿಸಿತು. ಅಭಿಯೋಜಕರ ನೇಮಕದಲ್ಲಿ ರಾಜಕೀಯ ಪರಿಗಣನೆ ಸಲ್ಲದೆಂದೂ ಹೇಳಿತು. 2004ರಲ್ಲಿ ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ, ಅಭಿಯೋಜಕರು ಆರೋಪಿಗಳ ಪರ ವಕೀಲರಂತೆ ನಡೆದುಕೊಂಡರೆಂದು ಆಕ್ಷೇಪಿಸಿದ ನ್ಯಾಯಾಲಯವು ಬಿಡುಗಡೆಯ ತೀರ್ಪನ್ನೇ ರದ್ದುಗೊಳಿಸಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು.

ಮೇಲ್ಮನವಿ ನ್ಯಾಯಾಲಯ ಏನನ್ನು ತೂಗುತ್ತದೆ?

ತಪ್ಪು ನಡೆದಿದೆ ಎಂದ ಮಾತ್ರಕ್ಕೆ ಶಿಕ್ಷೆ ಬೀಳುವುದಿಲ್ಲ. ಆ ತಪ್ಪಿನಿಂದ ನ್ಯಾಯ ವಿಫಲವಾಯಿತೇ ಎಂಬುದು ಕಾನೂನು ಕೇಳುವ ಪ್ರಶ್ನೆ. ಆಕ್ಷೇಪವನ್ನು ವಿಚಾರಣೆಯ ಹಂತದಲ್ಲಿಯೇ ಎತ್ತಬಹುದಾಗಿತ್ತೇ, ಎತ್ತಲಾಗಿತ್ತೇ ಎಂಬುದನ್ನೂ ನೋಡಲಾಗುತ್ತದೆ. ದೋಷವುಳ್ಳ ಸಾಕ್ಷ್ಯವನ್ನು ಬದಿಗಿಟ್ಟ ಮೇಲೆಯೂ ಉಳಿದ ಸಾಕ್ಷ್ಯ ಗಟ್ಟಿಯಾಗಿದ್ದರೆ ಶಿಕ್ಷೆ ಉಳಿಯುತ್ತದೆ. ಬಿಟ್ಟುಹೋದ ದಾಖಲೆ ಮುಖ್ಯವೆನಿಸಿದರೆ ಹೆಚ್ಚುವರಿ ಸಾಕ್ಷ್ಯವನ್ನು ಪಡೆಯಬಹುದು. ವಿಚಾರಣೆಯೇ ಕೆಟ್ಟಿದ್ದರೆ ಮರುವಿಚಾರಣೆಗೆ ಕಳುಹಿಸಬಹುದು. ಸಾಕ್ಷ್ಯವೇ ನಿಲ್ಲದಿದ್ದರೆ ಬಿಡುಗಡೆ ಮಾಡಬಹುದು.

ಪ್ರತಿಯೊಂದು ಆರೋಪವನ್ನೂ ಬೇರೆಬೇರೆಯಾಗಿ ತೂಗಲಾಗುತ್ತದೆ. 2021ರ ಮೇ ತಿಂಗಳಲ್ಲಿ ಹರಿಯಾಣದ ವರದಕ್ಷಿಣೆ ಸಾವಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ವರದಕ್ಷಿಣೆ ಸಾವಿನ ಶಿಕ್ಷೆಯನ್ನು ಉಳಿಸಿ, ಆತ್ಮಹತ್ಯೆಗೆ ಪ್ರಚೋದನೆಯ ಶಿಕ್ಷೆಯನ್ನು ರದ್ದುಗೊಳಿಸಿತು. ಮೇಲ್ಮನವಿ ಎಂದರೆ ಪೂರ್ಣ ಗೆಲುವು ಅಥವಾ ಪೂರ್ಣ ಸೋಲು ಎಂಬ ಲೆಕ್ಕ ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ.

ಒಂದು ಚೀಟಿಯ ಉದಾಹರಣೆ

ಇದುವರೆಗಿನ ಮಾತು ಕಾನೂನಿನದು. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು.

ಹೊಡೆತ ತಿಂದ ಹೆಣ್ಣುಮಗಳೊಬ್ಬಳನ್ನು ಅತ್ತೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತಾಳೆ. ಹೊರರೋಗಿ ಚೀಟಿಯಲ್ಲಿ "ಜಾರಿ ಬಿದ್ದು ಆದ ಗಾಯ" ಎಂದು ದಾಖಲಾಗುತ್ತದೆ. ಎರಡು ದಿನಗಳ ನಂತರ ಆಕೆ ತವರು ಸೇರಿ, ತಾಲ್ಲೂಕು ಆಸ್ಪತ್ರೆಯಲ್ಲಿ ನಡೆದುದನ್ನು ಹೇಳುತ್ತಾಳೆ. ಅಲ್ಲಿ ಗಾಯ ಪ್ರಮಾಣಪತ್ರ ಸಿದ್ಧವಾಗುತ್ತದೆ. ಮೊದಲ ಚೀಟಿ ಕೇಸನ್ನು ದುರ್ಬಲಗೊಳಿಸೀತೆಂದು ಭಾವಿಸಿ, ಅದನ್ನು ಕಡತದಲ್ಲಿಯೇ ಉಳಿಸಿ, ಎರಡನೆಯದನ್ನು ಮಾತ್ರ ಹಾಜರುಪಡಿಸಲಾಗುತ್ತದೆ. ಶಿಕ್ಷೆಯಾಗುತ್ತದೆ. ಮೇಲ್ಮನವಿಯಲ್ಲಿ ಗಂಡನ ವಕೀಲರು ಆರೋಗ್ಯ ಕೇಂದ್ರದ ನೋಂದಣಿ ಪುಸ್ತಕದಿಂದ ಮೊದಲ ಚೀಟಿಯನ್ನು ಹೊರತೆಗೆಯುತ್ತಾರೆ.

ಈಗ ಆ ಚೀಟಿಯ ಅರ್ಥವೇ ಬದಲಾಗುತ್ತದೆ. ವಿಚಾರಣೆಯ ಸಮಯದಲ್ಲಿಯೇ ಅದನ್ನು ಮುಂದಿಟ್ಟು, "ಹೀಗೆ ಹೇಳಿದಾಗ ಪಕ್ಕದಲ್ಲಿ ಯಾರಿದ್ದರು?" ಎಂದು ಆಕೆಯನ್ನು ಕೇಳಿದ್ದರೆ, "ಅತ್ತೆ ನಿಂತಿದ್ದರು, ರಾತ್ರಿ ಮತ್ತೆ ಅದೇ ಮನೆಗೆ ಹೋಗಬೇಕಿತ್ತು" ಎಂದು ಆಕೆ ಹೇಳುತ್ತಿದ್ದಳು. ಆ ಉತ್ತರ ಆಕೆಯ ಸಾಕ್ಷ್ಯಕ್ಕೆ ಬಲವನ್ನೇ ಕೊಡುತ್ತಿತ್ತು. ಮುಚ್ಚಿಟ್ಟದ್ದರಿಂದ ನಿಜ ಹೇಳಿದವಳೇ ಸುಳ್ಳುಗಾರ್ತಿಯಂತೆ ಕಾಣುವ ಸ್ಥಿತಿ ಬಂದಿತು. ಹೆಚ್ಚುವರಿ ಸಾಕ್ಷ್ಯಕ್ಕಾಗಿ ಆಕೆ ವರ್ಷಗಳ ನಂತರ ಮತ್ತೆ ಕಟಕಟೆ ಹತ್ತಬೇಕು. ಮರೆಯಲು ಹೆಣಗಿದ ರಾತ್ರಿಯನ್ನು ಮತ್ತೊಮ್ಮೆ ಅಪರಿಚಿತರ ಮುಂದೆ ಹೇಳಬೇಕು. ಅಂದಿನ ಕೂಲಿ ಬಿಟ್ಟು ಬಸ್ಸು ಹತ್ತಬೇಕು.

ಸದಸ್ಯರಿಗೆ ಕಾಮಗಾರಿಯ ಅಳತೆ ಪುಸ್ತಕ ಪರಿಚಿತ. ರಸ್ತೆ ನಿಜವಾಗಿಯೂ ಆಗಿರುತ್ತದೆ, ಕಾಂಕ್ರೀಟು ಗಟ್ಟಿಯಾಗಿಯೇ ಇರುತ್ತದೆ. ಆದರೆ ಅಳತೆ ಪುಸ್ತಕದಲ್ಲಿ ಒಂದು ನಮೂದನ್ನು ತಿದ್ದಿದ್ದರೆ ಲೆಕ್ಕ ತಪಾಸಣೆಯಲ್ಲಿ ಇಡೀ ಬಿಲ್ಲಿಗೆ ಆಕ್ಷೇಪಣೆ ಬರುತ್ತದೆ. ಒಳ್ಳೆಯ ಕೆಲಸವನ್ನು ಸುಳ್ಳು ನಮೂದಿನಿಂದ ರಕ್ಷಿಸಲಾಗದು. ನಿಜವಾದ ದೂರನ್ನೂ ಬಚ್ಚಿಟ್ಟ ದಾಖಲೆಯಿಂದ ರಕ್ಷಿಸಲಾಗದು. ಆದ್ದರಿಂದ ನ್ಯಾಯಯುತ ವಿಚಾರಣೆ ಎಂಬುದು ಗಂಡನಿಗೆ ತೋರುವ ಔದಾರ್ಯವಲ್ಲ. ಮೇಲಿನ ನ್ಯಾಯಾಲಯದಲ್ಲಿಯೂ ನಿಲ್ಲುವ ತೀರ್ಪನ್ನು ಹೆಣ್ಣುಮಗಳಿಗೆ ಕೊಡುವ ಏಕೈಕ ಮಾರ್ಗ ಅದು. ಶಿಕ್ಷೆಗೊಳಗಾದವನು ನಿರಪರಾಧಿಯಾಗಿದ್ದರೆ, ಆತನಿಗೆ ಉಳಿದಿರುವ ಮಾರ್ಗವೂ ಅದೇ.

ಪಂಚರ ಸಹಿ

ಅಭಿಯೋಜಕರನ್ನು ದೂರುವ ಮೊದಲು ಸದಸ್ಯರು ತಮ್ಮ ಕೈಯ ಲೇಖನಿಯನ್ನೂ ನೋಡಿಕೊಳ್ಳುವುದು ಉಚಿತ. ಸ್ಥಳ ಮಹಜರಿಗೆ ಪಂಚರಾಗಿ ಕರೆಯಲ್ಪಡುವವರಲ್ಲಿ ಪಂಚಾಯಿತಿ ಸದಸ್ಯರೂ ಇರುತ್ತಾರೆ. ಘಟನಾ ಸ್ಥಳಕ್ಕೆ ಹೋಗದೆ, ಠಾಣೆಯಲ್ಲಿಯೋ ಚಹಾ ಅಂಗಡಿಯಲ್ಲಿಯೋ ಮಹಜರಿಗೆ ಸಹಿ ಹಾಕಿ, ನ್ಯಾಯಾಲಯದಲ್ಲಿ "ಸಹಿ ನನ್ನದು, ಏನೂ ನೋಡಿಲ್ಲ" ಎಂದು ಹೇಳಿದರೆ ಸಾಕ್ಷಿ ಪ್ರತಿಕೂಲನಾಗುತ್ತಾನೆ. ಅಲ್ಲಿಂದ ಮುಂದೆ ಇಡೀ ತನಿಖೆಯ ಮೇಲೆ ಸಂಶಯ ಮೂಡುತ್ತದೆ. ಮೇಲ್ಮನವಿಗೆ ಮೊದಲ ಆಧಾರ ಅದೇ ಆಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಪ್ರಕರಣದಂತೆ ಶೋಧನೆ ಮತ್ತು ಜಪ್ತಿಯನ್ನು ಈಗ ದೃಶ್ಯ-ಶ್ರವ್ಯ ಸಾಧನದಲ್ಲಿ ದಾಖಲಿಸಬೇಕಾಗಿರುವುದರಿಂದ, ಇಲ್ಲದವರನ್ನು ಇದ್ದರೆಂದು ತೋರಿಸುವುದೂ ಸುಲಭವಲ್ಲ. ಕಂಡದ್ದಕ್ಕೆ ಮಾತ್ರ ಸಹಿ, ಸಹಿ ಹಾಕಿದ್ದಕ್ಕೆ ಕೊನೆಯವರೆಗೆ ಬದ್ಧತೆ: ಇಷ್ಟು ನಿಯಮ ಸಾಕು.

ಮೇಲ್ಮನವಿಯ ಅವಧಿಯಲ್ಲಿ ಪಂಚಾಯಿತಿ ಮಾಡಬೇಕಾದುದು

1. ನಡತೆಯ ಪತ್ರ ಕೊಡಬಾರದು. ಶಿಕ್ಷೆಯಾದವನು ಒಳ್ಳೆಯವನೆಂದಾಗಲಿ, ಹೆಣ್ಣುಮಗಳು ಜಗಳಗಂಟಿಯೆಂದಾಗಲಿ ಪಂಚಾಯಿತಿಯ ಮುದ್ರೆಯೊತ್ತಿದ ಪತ್ರ ಸಲ್ಲದು. ನ್ಯಾಯಾಲಯವು ಸಮನ್ಸ್ ಮೂಲಕ ಕೇಳಿದ ದಾಖಲೆಯನ್ನು, ಅದು ಯಾರಿಗೆ ಅನುಕೂಲವಾದರೂ, ಇದ್ದಂತೆಯೇ ಹಾಜರುಪಡಿಸತಕ್ಕದ್ದು.

2. ರಾಜಿ ಪಂಚಾಯಿತಿ ನಡೆಸಬಾರದು. ಕ್ರೌರ್ಯದ ಈ ಅಪರಾಧವು ಕರ್ನಾಟಕದಲ್ಲಿ ರಾಜಿಯಾಗತಕ್ಕ ಅಪರಾಧವಲ್ಲ. ದಂಪತಿಗಳು ನಿಜವಾಗಿಯೂ ಸ್ವಇಚ್ಛೆಯಿಂದ ಒಮ್ಮತಕ್ಕೆ ಬಂದರೆ ಅದನ್ನು ಪರಿಶೀಲಿಸುವ ಅಧಿಕಾರ ಉಚ್ಚ ನ್ಯಾಯಾಲಯಕ್ಕಿದೆ. ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂರಿಸಿ ಪಡೆದ ಒಪ್ಪಿಗೆಯನ್ನು ಸ್ವಇಚ್ಛೆ ಎನ್ನಲಾಗದು.

3. ಬೆದರಿಕೆಗೆ ಕಿವಿಗೊಡದಿರಬಾರದು. ಸಾಕ್ಷಿ ಬದಲಿಸುವಂತೆ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಪ್ರಕರಣದಂತೆ ಅಪರಾಧ. ಸಾಕ್ಷಿ ಸಂರಕ್ಷಣಾ ಯೋಜನೆಗೆ 2018ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಅನುಮೋದನೆ ದೊರೆತಿದೆ. ಬೆದರಿಕೆಯ ವಿಷಯ ತಿಳಿದ ಕೂಡಲೇ ಪೊಲೀಸರಿಗೆ ತಿಳಿಸುವಂತೆ ನೆರವಾಗಬೇಕು. ತುರ್ತಿಗೆ 112 ಮತ್ತು ಮಹಿಳಾ ಸಹಾಯವಾಣಿ 181 ಇವೆ.

4. ಸಂರಕ್ಷಣಾ ಆದೇಶ ಬೇರೆ, ಶಿಕ್ಷೆ ಬೇರೆ ಎಂಬುದನ್ನು ನೆನಪಿಡಬೇಕು. ಶಿಕ್ಷೆ ಅಮಾನತ್ತಾದರೂ 2005ರ ಅಧಿನಿಯಮದ ಆದೇಶ ತಾನಾಗಿ ಅಳಿಯುವುದಿಲ್ಲ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿರುತ್ತಾರೆ. ಉಲ್ಲಂಘನೆಯನ್ನು ಅವರ ಗಮನಕ್ಕೆ ತರಬೇಕು.

5. ಎರಡೂ ಕಡೆಯವರಿಗೆ ಕಾನೂನು ನೆರವಿನ ದಾರಿ ತೋರಿಸಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು. ಅಭಿಯೋಜಕರ ಮೇಲೆ ಆರೋಪವಿರುವ ಗಂಡನ ಕಡೆಯವರಿಗೂ ಇದೇ ಉತ್ತರ: ದೂರನ್ನು ಕಟ್ಟೆಯ ಮೇಲೆ ಹೇಳದೆ, ತೀರ್ಪಿನ ಪ್ರತಿಯೊಂದಿಗೆ 30 ದಿನಗಳೊಳಗೆ ಮೇಲ್ಮನವಿಯ ಆಧಾರಗಳಲ್ಲಿ ಬರೆಸಲಿ.

6. ಹೆಣ್ಣುಮಗಳಿಗೆ ಆಕೆಯ ಹಕ್ಕನ್ನು ತಿಳಿಸಬೇಕು. ಮೇಲ್ಮನವಿಯಲ್ಲಿ ಎದುರುದಾರ ಸರ್ಕಾರವೇ ಆದರೂ, ಸಂತ್ರಸ್ತರಿಗೆ ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲಿಯೂ ತಮ್ಮ ಮಾತು ಹೇಳುವ ಹಕ್ಕಿದೆಯೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಭಿಯೋಜಕರಿಗೆ ನೆರವಾಗಲು ಆಕೆ ಸ್ವಂತ ವಕೀಲರನ್ನೂ ಇಟ್ಟುಕೊಳ್ಳಬಹುದು.

7. ವಿಷಯವನ್ನು ಸಭೆಗೆ ತರುವಾಗ ಹೆಸರನ್ನು ತರಬಾರದು. ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಹಾಗೂ ಮಹಿಳಾ ಗ್ರಾಮ ಸಭೆಯಲ್ಲಿ ಕಾನೂನಿನ ಅರಿವು ಮೂಡಿಸಬೇಕು. ವ್ಯಕ್ತಿಗಳ ಸಂಸಾರವನ್ನು ಚರ್ಚೆಗೆ ಇಡಬಾರದು.

ಮಾನ್ಯ ಸದಸ್ಯರೇ,

ಸಂಜೆ ಮನೆಬಾಗಿಲಿಗೆ ಬರುವ ಆ ಇಬ್ಬರಿಗೂ ಹೇಳಬೇಕಾದ ಮಾತು ಹೆಚ್ಚೇನಿಲ್ಲ. ಗಂಡನ ಕಡೆಯವರಿಗೆ: ಮೇಲ್ಮನವಿ ನಿಮ್ಮ ಹಕ್ಕು, ಅದಕ್ಕೆ ಯಾರ ಶಿಫಾರಸು ಪತ್ರವೂ ಬೇಕಿಲ್ಲ; ಆದರೆ ಆ ಹೆಣ್ಣುಮಗಳ ಮನೆಯ ದಾರಿ ತುಳಿಯಬೇಡಿ. ಹೆಣ್ಣಿನ ಕಡೆಯವರಿಗೆ: ಮೇಲ್ಮನವಿ ಎಂದರೆ ಸೋಲಲ್ಲ, ತೀರ್ಪಿನ ಮರುಪರಿಶೀಲನೆ, ಆಕೆ ಅಂದು ನಿಜ ಹೇಳಿದ್ದರೆ ಇಂದೂ ಅದನ್ನೇ ಹೇಳಲಿ, ಜೊತೆಗೆ ಊರಿದೆ. ನ್ಯಾಯಾಲಯದ ಕೆಲಸವನ್ನು ನ್ಯಾಯಾಲಯ ಮಾಡುತ್ತದೆ. ಅದು ಮುಗಿಯುವವರೆಗೆ ಆಕೆ ನೀರು ತರಲು, ಮಗುವನ್ನು ಅಂಗನವಾಡಿಗೆ ಬಿಡಲು, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗಲು ಹೆದರದೆ ಓಡಾಡುವಂತೆ ನೋಡಿಕೊಳ್ಳುವುದು ಗ್ರಾಮದ ಕೆಲಸ. ಗ್ರಾಮದ ಪರವಾಗಿ ಅದು ಪಂಚಾಯಿತಿಯ ಹೊಣೆ.